ಆಡದ ಆಟಿಕೆ: ವಿಜ್ಞಾನಕಥೆಯ ಬೊಂಬೆಗಳ ಸಂಗ್ರಹವನ್ನು ಕುರಿತು

ಆಟಿಕೆಗೆ ಬೆಲೆ ಕಟ್ಟುವವರು ಈಗ ಇಬ್ಬರಿದ್ದಾರೆ. ಒಬ್ಬರು ಅದನ್ನು ಹಿಡಿದು ಆಡುವ ಮಕ್ಕಳು. ಇನ್ನೊಬ್ಬರು ಅದನ್ನು ಪೆಟ್ಟಿಗೆಯಿಂದ ಹೊರಗೆ ತೆಗೆಯದೆ ಕಪಾಟಿನಲ್ಲಿರಿಸುವ ಸಂಗ್ರಾಹಕರು. ಎರಡನೆಯವರ ಬೆಲೆ ಎಷ್ಟರಮಟ್ಟಿಗೆ ಏರಿದೆಯೆಂಬುದಕ್ಕೆ ಒಂದು ನಿದರ್ಶನ ಸಾಕು. ‘ಸ್ಟಾರ್ ವಾರ್ಸ್’ ಚಿತ್ರಮಾಲೆಯ ಬೋಬಾ ಫೆಟ್ ಎಂಬ ಪಾತ್ರದ ಒಂದು ಮಾದರಿ ಬೊಂಬೆ 2024ರಲ್ಲಿ ಅಮೆರಿಕದ ಹರಾಜೊಂದರಲ್ಲಿ 5,25,000 ಡಾಲರಿಗೆ ಹೋಯಿತು. ಬೆನ್ನಿನಿಂದ ಪುಟ್ಟ ರಾಕೆಟ್ಟನ್ನು ಹಾರಿಸುವ ಈ ಬೊಂಬೆ, ಮಕ್ಕಳ ಗಂಟಲಿಗೆ ಅಪಾಯವೆಂಬ ಭಯದಿಂದ ಅಂಗಡಿಗೆ ಬರಲೇ ಇಲ್ಲ. ಎಂದರೆ, ಯಾವ ಮಗುವೂ ಆಡದ ಆಟಿಕೆಯೇ ಆಟಿಕೆಗಳಲ್ಲೆಲ್ಲ ಅತ್ಯಮೂಲ್ಯವೆನಿಸಿತು. ಇತಿಹಾಸದ ಅಧ್ಯಾಪಕರೂ ವಿದ್ಯಾರ್ಥಿಗಳೂ ಈ ಅಳತೆಗೋಲನ್ನು ಸಂಗ್ರಾಹಕರಿಂದ ಎರವಲು ಪಡೆಯಬಹುದೆ ಎಂಬುದು ನಮ್ಮ ಪ್ರಶ್ನೆ.

ಈ ಬಗೆಯ ಬೊಂಬೆಗಳ ಪೂರ್ವೋತ್ತರವನ್ನು ಸಂಕ್ಷೇಪವಾಗಿ ಹೇಳಬಹುದು. 1964ರಲ್ಲಿ ಹ್ಯಾಸ್‌ಬ್ರೊ ಸಂಸ್ಥೆಯು ಜಿ. ಐ. ಜೋ ಎಂಬ ಹನ್ನೆರಡು ಅಂಗುಲದ ಸಿಪಾಯಿಯನ್ನು ಮಾರಾಟಕ್ಕೆ ತಂದಾಗ, ಗಂಡುಹುಡುಗರು ‘ಬೊಂಬೆ’ಯನ್ನು ಕೊಳ್ಳಲಾರರೆಂಬ ಅಳುಕಿನಿಂದ ಅದಕ್ಕೆ ‘ಆಕ್ಷನ್ ಫಿಗರ್’ ಎಂಬ ಹೊಸ ಹೆಸರನ್ನು ಕಲ್ಪಿಸಿತು. ನಮ್ಮ ಭಾಷೆಗೆ ಈ ಅಳುಕಿಲ್ಲ. ದಸರೆಯ ಮೆಟ್ಟಿಲುಗಳ ಮೇಲೆ ಪಟ್ಟದ ರಾಜನೂ ಬೊಂಬೆಯೆ, ರಾಣಿಯೂ ಬೊಂಬೆಯೆ. ಆದುದರಿಂದ ನಾವು ಇಲ್ಲಿ ಬೊಂಬೆಯೆಂದೇ ಕರೆಯುತ್ತೇವೆ. 1977ರ ಮೇ ತಿಂಗಳಲ್ಲಿ ‘ಸ್ಟಾರ್ ವಾರ್ಸ್’ ತೆರೆಕಂಡಿತು. ಅದರ ಬೊಂಬೆಗಳ ಹಕ್ಕನ್ನು ಪಡೆದಿದ್ದ ಕೆನ್ನರ್ ಸಂಸ್ಥೆಗೆ ಆ ವರ್ಷದ ಕ್ರಿಸ್‌ಮಸ್ಸಿನೊಳಗಾಗಿ ಅವನ್ನು ತಯಾರಿಸಲಾಗಲಿಲ್ಲ. ಅವರು ಮಾಡಿದ್ದೇನು? ಬೊಂಬೆಗಳಿಲ್ಲದ ಒಂದು ರಟ್ಟಿನ ಲಕೋಟೆಯನ್ನು ಮಾರಿದರು. ಅದರೊಳಗಿದ್ದ ಚೀಟಿಯನ್ನು ಕಳುಹಿಸಿದವರಿಗೆ 1978ರಲ್ಲಿ ನಾಲ್ಕು ಬೊಂಬೆಗಳು ಅಂಚೆಯಲ್ಲಿ ಬಂದುವು. ಆಟಿಕೆಗಿಂತ ಅದರ ಹೊದಿಕೆಯೇ ಮೊದಲು ಮಾರಾಟವಾದ ಈ ಪ್ರಸಂಗವು ಸಂಗ್ರಾಹಕರ ಮುಂದಿನ ಮನೋಧರ್ಮಕ್ಕೆ ಮುನ್ನುಡಿಯಂತಿದೆ. ಮೂರೂಮುಕ್ಕಾಲು ಅಂಗುಲದ ಆ ಗಾತ್ರವೇ ರೂಢಿಯಾಯಿತು. 1982ರಲ್ಲಿ ಜಿ. ಐ. ಜೋ ಸಹ ಅದೇ ಗಾತ್ರಕ್ಕೆ ಇಳಿದು, ಲೇಸರ್ ಕೋವಿಗಳೊಡನೆ ವಿಜ್ಞಾನಕಥೆಯ ಲೋಕವನ್ನು ಹೊಕ್ಕನು. ಪ್ರತಿಯೊಂದು ಬೊಂಬೆಯ ರಟ್ಟಿನ ಹಿಂಬದಿಯಲ್ಲಿಯೂ ಆ ವ್ಯಕ್ತಿಯ ಚರಿತ್ರೆ ಅಚ್ಚಾಗಿರುತ್ತಿತ್ತು. ವಿಕ್ರಮನ ಸಿಂಹಾಸನದ ಮೂವತ್ತೆರಡು ಪುತ್ಥಳಿಗಳ ಕಥೆಯನ್ನು ಕೇಳಿ ಬೆಳೆದವರಿಗೆ ಬೊಂಬೆಗೊಂದು ಕಥೆಯೆಂಬುದು ಹೊಸತಲ್ಲ.

ಇನ್ನು ನಮ್ಮ ದೇಶದ ವಿಷಯ. ವಿದೇಶೀ ಆಟಿಕೆಗಳ ಆಮದಿಗೆ ಕಟ್ಟುನಿಟ್ಟಾದ ನಿರ್ಬಂಧವಿದ್ದ ದಿನಗಳಲ್ಲಿ, 1987ರಲ್ಲಿ, ಎಂ.ಆರ್.ಎಫ್. ಸಂಸ್ಥೆಯು ಹ್ಯಾಸ್‌ಬ್ರೊದ ಸಹಯೋಗದಿಂದ ಫನ್‌ಸ್ಕೂಲ್ ಎಂಬ ಕಂಪನಿಯನ್ನು ಸ್ಥಾಪಿಸಿತು. ಅಮೆರಿಕದಲ್ಲಿ ಬಳಸಿ ಮುಗಿದ ಅಚ್ಚುಗಳು ಇಲ್ಲಿಗೆ ಬಂದು, ಗೋವೆಯ ಕಾರ್ಖಾನೆಯಲ್ಲಿ ಜಿ. ಐ. ಜೋ ಬೊಂಬೆಗಳು ತಯಾರಾದುವು. ಅಚ್ಚು ಹಳೆಯದು, ಬಣ್ಣ ಬೇರೆ. ಅಲ್ಲಿ ಹಸಿರು ಉಡುಪಿನವನು ಇಲ್ಲಿ ನೀಲಿಯಾಗಬಹುದು. ಒಬ್ಬನ ತಲೆ ಮತ್ತೊಬ್ಬನ ಮೈಗೆ ಕೂಡಿಕೊಳ್ಳಬಹುದು. ಆ ಕಾಲದಲ್ಲಿ ಇವನ್ನು ಕಳಪೆ ನಕಲುಗಳೆಂದು ಕಂಡವರುಂಟು. ಇಂದು ಅಮೆರಿಕದ ಸಂಗ್ರಾಹಕರು ಇವನ್ನೇ ಅರಸಿ ಕೊಳ್ಳುತ್ತಾರೆ.

ಸಂಗ್ರಾಹಕರ ಶ್ರದ್ಧೆಯನ್ನು ನಾವು ಲಘುವಾಗಿ ಕಾಣುವುದಿಲ್ಲ. ಅಚ್ಚಿನ ಗುರುತು, ಬಣ್ಣದ ಹದ, ರಟ್ಟಿನ ಮುದ್ರಣ, ಬೆಲೆಚೀಟಿ ಇವನ್ನೆಲ್ಲ ಅವರು ಶಾಸನತಜ್ಞರಂತೆ ಪರಿಶೀಲಿಸಿ ಪಟ್ಟಿಮಾಡಿದ್ದಾರೆ. ಆಕರಪರೀಕ್ಷೆಯನ್ನು ಕಲಿಯುವ ವಿದ್ಯಾರ್ಥಿಗೆ ಅವರಿಂದ ಒಂದು ಒಳ್ಳೆಯ ಪಾಠವೂ ಸಿಗುತ್ತದೆ. ಇಂತಹ ಬೊಂಬೆಯ ಬೆನ್ನಿನ ಮೇಲೋ ಕಾಲಿನ ಮೇಲೋ ಕಾಣುವ ವರ್ಷವು ಸಾಮಾನ್ಯವಾಗಿ ಮೂಲರೂಪದ ಹಕ್ಕುಸ್ವಾಮ್ಯದ ವರ್ಷವೇ ಹೊರತು ಆ ಬೊಂಬೆ ತಯಾರಾದ ವರ್ಷವಲ್ಲ. ನಮ್ಮ ಕೊಡಗಿನ ಮಡಿಕೇರಿ ತಾಮ್ರಶಾಸನವನ್ನು ಇಲ್ಲಿ ನೆನೆಯಬಹುದು. ಗಂಗರ ಕೊಂಗಣಿ ಮಹಾಧಿರಾಜನದೆಂದು ಹೇಳಿಕೊಳ್ಳುವ ಆ ಶಾಸನದಲ್ಲಿ 388ನೆಯ ವರ್ಷದ ಉಲ್ಲೇಖವಿದೆ. ಆದರೆ ಅದರ ಲಿಪಿ ಬಹಳ ಈಚಿನದಾದುದರಿಂದ ಅದು ಕೂಟಶಾಸನವೆಂದು ಫ್ಲೀಟರು ವಾದಿಸಿದರು. ಬೊಂಬೆಯಲ್ಲಿ ವಂಚನೆಯಿಲ್ಲ, ನಿಜ. ಆದರೂ ವಸ್ತುವಿನ ಮೇಲೆ ಬರೆದ ಕಾಲ ಬೇರೆ, ವಸ್ತುವಿನ ಕಾಲ ಬೇರೆ ಎಂಬ ವಿವೇಕ ಎರಡೆಡೆಯಲ್ಲಿಯೂ ಒಂದೇ.

ನಮ್ಮ ಆಕ್ಷೇಪಣೆ ಇರುವುದು ಮುಂದಿನ ಹೆಜ್ಜೆಯಲ್ಲಿ. ಈ ಸಂಗ್ರಾಹಕರ ಪಟ್ಟಿಗಳಲ್ಲಿ ಭಾರತದ ಬೊಂಬೆಗೆ ‘ಪಾಠಾಂತರ’ದ ಸ್ಥಾನ ಮಾತ್ರ; ಮೂಲಪಾಠವು ಯಾವಾಗಲೂ ಅಮೆರಿಕದ್ದು. ಆ ಬಣ್ಣ ಏಕೆ ಬದಲಾಯಿತು, ಯಾರ ಕೈ ಅದನ್ನು ಬಳಿಯಿತು, ಯಾವ ಊರಿನ ಅಂಗಡಿಗೆ ಅದು ಹೋಯಿತು, ಯಾವ ಮನೆಯವರಿಗೆ ಅದನ್ನು ಕೊಳ್ಳುವ ಶಕ್ತಿಯಿದ್ದಿತು ಎಂಬ ಪ್ರಶ್ನೆಗಳನ್ನು ಆ ಪಟ್ಟಿಗಳು ಕೇಳುವುದಿಲ್ಲ. ತೆರೆಯದ ಪೆಟ್ಟಿಗೆಗೆ ಹೆಚ್ಚು ಬೆಲೆ, ತೆರೆದುದಕ್ಕೆ ಕಡಿಮೆ, ಕೈಮುರಿದುದಕ್ಕೆ ಏನೂ ಇಲ್ಲ ಎಂಬ ಕ್ರಮವನ್ನು ಒಪ್ಪಿದರೆ, ಆಟಿಕೆಯು ಆಟಿಕೆಯಾಗಿ ಬಾಳಿದ ಸಾಕ್ಷ್ಯವನ್ನೆಲ್ಲ ಕಸಕ್ಕೆ ಹಾಕಿದಂತಾಗುತ್ತದೆ.

ನಾಪೋಕ್ಲಿನಲ್ಲಿ ಕುಳಿತು ಇದನ್ನು ಬರೆಯುವ ನಮಗೆ ಈ ಮಾತು ದೂರದ್ದಲ್ಲ. 1990ರ ದಶಕದಲ್ಲಿ ಕಾಫಿಯು ಕಾಫಿ ಮಂಡಳಿಯ ಸಾಮೂಹಿಕ ಮಾರಾಟವ್ಯವಸ್ಥೆಯಿಂದ ಹಂತಹಂತವಾಗಿ ಬಿಡುಗಡೆ ಹೊಂದಿತು. 1994ರಲ್ಲಿ ಬ್ರೆಜಿಲಿನ ತೋಟಗಳಿಗೆ ಹಿಮ ಬಡಿದು ಜಗತ್ತಿನ ಬೆಲೆ ಏರಿತು. ಕೊಡಗಿನ ಬೆಳೆಗಾರರ ಕೈಯಲ್ಲಿ ಹಣ ಓಡಾಡಿದ ವರ್ಷಗಳು ಇವು. ಫನ್‌ಸ್ಕೂಲಿನ ಬೊಂಬೆಗಳು ದೇಶದ ಪೇಟೆಗಳಲ್ಲಿ ದೊರೆಯುತ್ತಿದ್ದುದೂ ಈ ವರ್ಷಗಳಲ್ಲಿಯೇ. ಇವೆರಡಕ್ಕೂ ಸಂಬಂಧವಿದೆಯೆ? ತೋಟದ ಮಾಲಿಕರ ಮನೆಯಲ್ಲಿದ್ದ ಬೊಂಬೆ ಲೈನುಮನೆಯ ಮಕ್ಕಳ ಕೈಗೆ ಯಾವಾಗ, ಎಷ್ಟು ಸವೆದ ಬಳಿಕ ಬಂದಿತು? ಇದಕ್ಕೆ ಉತ್ತರ ಹೇಳಬಲ್ಲುದು ಸವೆದ ಬೊಂಬೆಯೇ. ಅದೂ ಯಾರದು, ಎಲ್ಲಿಯದು ಎಂಬ ವಿವರ ಜೊತೆಗಿದ್ದರೆ ಮಾತ್ರ. ಪೆಟ್ಟಿಗೆಯೊಳಗಿನ ಬೊಂಬೆಗೆ ಈ ಬಗ್ಗೆ ಹೇಳಲು ಏನೂ ಇಲ್ಲ.

ಕೊಡಗಿನ ಸಂಪ್ರದಾಯದಲ್ಲಿ ಪುಟ್ಟ ವಸ್ತುಗಳಿಗಿದ್ದ ಸ್ಥಾನವನ್ನೂ ಇದರೊಡನೆ ಹೋಲಿಸಿ ನೋಡುವುದು ಉಚಿತ. ಕೊಡವರ ಮನೆಯಲ್ಲಿ ಗಂಡುಮಗು ಹುಟ್ಟಿದಾಗ ಹರಳುಗಿಡದ ಕಡ್ಡಿಯಿಂದ ಮಾಡಿದ ಪುಟ್ಟ ಬಿಲ್ಲುಬಾಣವನ್ನು ಅದರ ಕೈಗೆ ಮುಟ್ಟಿಸಿ, ಅಂಗಳದಲ್ಲಿ ಕೋವಿ ಹಾರಿಸುವ ಪದ್ಧತಿಯನ್ನು ಹತ್ತೊಂಬತ್ತನೆಯ ಶತಮಾನದಲ್ಲಿಯೇ ರಿಕ್ಟರ್ ಬರೆದಿಟ್ಟಿದ್ದಾರೆ. ಆ ಬಿಲ್ಲು ನಾಲ್ಕು ದಿನಕ್ಕೆ ಒಣಗುತ್ತದೆ. ಅಯ್ಯಪ್ಪನ ದೇವರಕಾಡುಗಳಲ್ಲಿ ಹರಕೆ ಹೊತ್ತವರು ಮಣ್ಣಿನ ನಾಯಿಗಳನ್ನು ಒಪ್ಪಿಸುತ್ತಾರೆ. ಬೇಟೆಯ ದೇವರಿಗೆ ಬೇಟೆನಾಯಿ. ಅವು ಮಳೆಯಲ್ಲಿ ನೆನೆದು, ಪಾಚಿಗಟ್ಟಿ, ಮಣ್ಣಿಗೆ ಮಣ್ಣಾಗುತ್ತವೆ. ಎರಡರಲ್ಲಿಯೂ ವಸ್ತುವಿನ ಅರ್ಥವಿರುವುದು ಅದರ ಬಳಕೆಯಲ್ಲಿ. ಇವನ್ನು ಮನೆಗೆ ತಂದು ಗಾಜಿನ ಪೆಟ್ಟಿಗೆಯಲ್ಲಿಟ್ಟರೆ ವಸ್ತು ಉಳಿದೀತು. ಅದು ಹರಕೆಯ ನಾಯಿಯಾಗಿ ಉಳಿಯುವುದಿಲ್ಲ.

ಇಷ್ಟು ಹೇಳಿದ ಕೂಡಲೆ ಕೆಲವರು, ಹಾಗಾದರೆ ಈ ಪ್ಲಾಸ್ಟಿಕ್ ಯೋಧರನ್ನು ಬಿಟ್ಟು ಚನ್ನಪಟ್ಟಣದ ಆಟಿಕೆಗಳನ್ನು ಅಭ್ಯಾಸಮಾಡೋಣ, ಅವು ನಮ್ಮವು, ಎನ್ನಬಹುದು. ಈ ವಾದವನ್ನು ನಾವು ಪೂರ್ತಿಯಾಗಿ ಒಪ್ಪಲಾರೆವು. ಹಾಲೆಮರ, ಅರಗಿನ ಬಣ್ಣ, ಕೇದಗೆಯ ಗರಿಯ ಹೊಳಪು ಇವು ನಮ್ಮವೆಂಬುದು ನಿಜ. ಭೌಗೋಳಿಕ ಸೂಚಕದ ಮಾನ್ಯತೆಯೂ ಅದಕ್ಕೆ ದೊರೆತಿದೆ. ಆದರೆ ಆ ಕಸಬನ್ನು ಟಿಪ್ಪುವಿನ ಕಾಲದ ಪಾರಸಿಕ ಕುಶಲಿಗಳಿಗೂ, ಆಮೇಲೆ ಜಪಾನಿನ ವಿಧಾನವನ್ನು ತಂದ ಬಾವಾಸ್ ಮಿಯಾನರಿಗೂ ಜೋಡಿಸಿ ಹೇಳುವುದು ವಾಡಿಕೆ. ಪರದೇಶದ ಕೈಚಳಕ ಬಂದು ಚನ್ನಪಟ್ಟಣದ್ದಾದರೆ, ಪರದೇಶದ ಅಚ್ಚು ಬಂದು ಗೋವೆಯಲ್ಲಿ ಬೇರೆ ಬಣ್ಣ ತಾಳಿದುದನ್ನು ಮಾತ್ರ ಅನ್ಯವೆನ್ನುವುದು ಹೇಗೆ? ಎರಡೂ ಈ ನಾಡಿನ ದುಡಿಮೆಯ ಚರಿತ್ರೆಗೆ ಸೇರಿದುವೇ.

ಪೇಟೆಯಂತೂ ಎರಡನ್ನೂ ಒಂದೇ ಗಾಳಿಯಲ್ಲಿ ತೂರಿದೆ. 2001ರ ಏಪ್ರಿಲ್ 1ರಂದು ಆಮದಿನ ಮೇಲಿನ ಪರಿಮಾಣ ನಿರ್ಬಂಧಗಳ ಕೊನೆಯ ಕಂತು ತೆರವಾಯಿತು. ಅನಂತರ ಚೀನದ ಅಗ್ಗದ ಆಟಿಕೆಗಳು ಹಳ್ಳಿಯ ಜಾತ್ರೆಗಳವರೆಗೆ ಹರಿದುವು. ಪ್ರತಿಕ್ರಿಯೆ ತಡವಾಗಿ, ಆದರೆ ತೀವ್ರವಾಗಿ ಬಂದಿತು. 2020ರಲ್ಲಿ ಆಟಿಕೆಗಳ ಆಮದುಸುಂಕ ನೂರಕ್ಕೆ 20ರಿಂದ 60ಕ್ಕೂ, 2023ರಲ್ಲಿ 70ಕ್ಕೂ ಏರಿತು. 2021ರ ಜನವರಿ 1ರಿಂದ ಗುಣಮಟ್ಟದ ಮುದ್ರೆ ಕಡ್ಡಾಯವಾಯಿತು. ನೋಂದಾಯಿತ ಕುಶಲಕರ್ಮಿಗಳಿಗೂ ಭೌಗೋಳಿಕ ಸೂಚಕ ಪಡೆದ ಆಟಿಕೆಗಳಿಗೂ ಆ ಮುದ್ರೆಯಿಂದ ವಿನಾಯಿತಿ ದೊರೆಯಿತು. ಹೊರದೇಶದ ಬೊಂಬೆಯನ್ನು ತರಿಸುವ ಸಂಗ್ರಾಹಕನ ಪಾಲಿಗೆ ಸುಂಕ ಬೊಂಬೆಯಷ್ಟೇ ಭಾರವಾಯಿತು. ಆದರೆ ಚನ್ನಪಟ್ಟಣಕ್ಕೆ ಪೆಟ್ಟು ಬಂದುದು ಚೀನದಿಂದ ಮಾತ್ರವಲ್ಲ. 2023ರ ಮಾರ್ಚಿಯಲ್ಲಿ ಉದ್ಘಾಟನೆಯಾದ ಬೆಂಗಳೂರು-ಮೈಸೂರು ಹೆದ್ದಾರಿಯು ಊರನ್ನು ಬಳಸಿ ಹಾಯುವುದರಿಂದ, ಹಳೆಯ ರಸ್ತೆಯ ಪಕ್ಕದ ಆಟಿಕೆಯಂಗಡಿಗಳ ಮುಂದೆ ವಾಹನ ನಿಲ್ಲುವುದು ಕಡಿಮೆಯಾಯಿತು. ಬೆಂಗಳೂರಿನಿಂದ ಕೊಡಗಿಗೆ ಮರಳುವ ದಾರಿಯಲ್ಲಿ ಮಕ್ಕಳಿಗೊಂದು ಮರದ ಕುದುರೆಯನ್ನೋ ಬುಗುರಿಯನ್ನೋ ಕೊಳ್ಳುತ್ತಿದ್ದವರ ವಾಡಿಕೆಯೂ ಆ ರಸ್ತೆಯೊಡನೆ ಬದಿಗೆ ಸರಿದಂತಾಗಿದೆ.

ಆದುದರಿಂದ ಇತಿಹಾಸ ವಿಭಾಗಗಳಿಗೆ ನಮ್ಮದೊಂದು ಸೂಚನೆ. ವಿದ್ಯಾರ್ಥಿಗಳು ತಮ್ಮ ಮನೆಗಳ ಅಟ್ಟದಲ್ಲಿರುವ ಹಳೆಯ ಆಟಿಕೆಗಳನ್ನು, ಮುರಿದಿದ್ದರೂ ಸರಿ, ನೋಡಿ ವಿವರ ಬರೆದುಕೊಳ್ಳಲಿ: ಯಾವ ಊರಿನ ಯಾವ ಅಂಗಡಿಯಲ್ಲಿ, ಯಾವ ವರ್ಷ, ಎಷ್ಟಕ್ಕೆ ಕೊಂಡುದು; ಎಷ್ಟು ಮಕ್ಕಳ ಕೈಗೆ ಹೋಯಿತು; ಮುರಿದ ಕಾಲನ್ನು ಯಾವ ದಾರದಿಂದ ಕಟ್ಟಲಾಯಿತು. ಸಂಗ್ರಾಹಕರ ಪಟ್ಟಿಗಳಿಂದ ಅಚ್ಚಿನ ಗುರುತನ್ನು ತಿಳಿಯಬಹುದು. ಉಳಿದುದನ್ನು ಆಡಿದವರನ್ನೇ ಕೇಳಬೇಕು. ಫನ್‌ಸ್ಕೂಲಿನ ಬೊಂಬೆಗಳನ್ನು ಆಡಿ ಬೆಳೆದವರು ಇಂದು ಮೂವತ್ತು, ನಲವತ್ತರ ವಯಸ್ಸಿನಲ್ಲಿದ್ದಾರೆ, ಅವರಿಗೆ ಅವನ್ನು ಕೊಡಿಸಿದ ತಂದೆತಾಯಿಗಳು ಎಪ್ಪತ್ತರ ಆಚೀಚೆ. ಬೆಲೆಯನ್ನೂ ಅಂಗಡಿಯನ್ನೂ ನೆನಪಿಟ್ಟಿರುವವರು ಹೆಚ್ಚಾಗಿ ಈ ಎರಡನೆಯವರು. ವಿಚಾರಣೆಯನ್ನು ಅವರಿಂದಲೇ ಮೊದಲುಮಾಡತಕ್ಕದ್ದು.