ಮುನ್ಸೂಚನೆ ಬರುತ್ತದೆ, ಲೆಕ್ಕ ಬರುವುದಿಲ್ಲ

ಎಳ್ಳ ಅಮಾವಾಸ್ಯೆಯ ಹೊತ್ತಿಗೆ ಕಲಬುರಗಿ ಸೀಮೆಯಲ್ಲಿ ಆಕಾಶ ನೋಡುವವರು ಹೆಚ್ಚುತ್ತಾರೆ. ಮೊದಲು ಬಿತ್ತಿದ ತೊಗರಿ ರಾಶಿಗೆ ಬಂದಿರುತ್ತದೆ, ತಡವಾಗಿ ಬಿತ್ತಿದ ಹೊಲದಲ್ಲಿ ಇನ್ನೂ ಹೂವು ಇರುತ್ತದೆ. ಮಂಜು ದಟ್ಟವಾಗಿ ಕವಿದರೆ ಹೂವು ಉದುರುತ್ತದೆ. ನಾಲ್ಕು ದಿನ ಮೋಡ ಕಟ್ಟಿದರೆ ಕಾಯಿಕೊರಕ ಏರುತ್ತದೆ. ಕಣದಲ್ಲಿ ಕಾಳಿರುವಾಗ ಅಕಾಲಿಕ ಮಳೆ ಬಂದರೆ ವರ್ಷದ ದುಡಿಮೆ ಬಣ್ಣಗೆಡುತ್ತದೆ. ಹಿಮ ಬೀಳುವ ದೇಶಗಳಲ್ಲಿ ಚಳಿಗಾಲವಿಡೀ ಹಿಮಪಾತದ ನಕ್ಷೆಗಳ ಬೆನ್ನು ಹತ್ತುವ ಹವ್ಯಾಸಿಗಳಿದ್ದಾರೆ. ನಮ್ಮಲ್ಲಿ ಹಿಮ ಬೀಳದಿದ್ದರೂ ಆ ಹವ್ಯಾಸ ಬಂದಿದೆ. ಉಪಗ್ರಹದ ಚಿತ್ರ, ಬಣ್ಣದ ನಕ್ಷೆ, ಮುಂದಿನ ಹತ್ತು ದಿನದ ಮಳೆಯ ಅಂಕಿ ಇವೆಲ್ಲ ನಗರದ ಸೂಪರ್ ಮಾರ್ಕೆಟ್‌ನಿಂದ ಕಮಲಾಪುರದ ಬಾಳೆ ತೋಟದವರೆಗೆ ಮೊಬೈಲಿನಿಂದ ಮೊಬೈಲಿಗೆ ಓಡುತ್ತವೆ. ಹೀಗೆ ಓಡುವ ಮುನ್ಸೂಚನೆಯ ಗುಣಮಟ್ಟವನ್ನು ಪುಸ್ತಕದ, ನಾಟಕದ ಗುಣಮಟ್ಟವನ್ನು ನೋಡಿದಷ್ಟೇ ಗಂಭೀರವಾಗಿ ನೋಡಬೇಕಾಗಿದೆ. ಇದನ್ನು ನಂಬಿ ಜನ ಔಷಧಿ ಸಿಂಪಡಿಸುತ್ತಾರೆ, ಕೂಲಿ ಗೊತ್ತು ಮಾಡುತ್ತಾರೆ, ರಾಶಿ ಯಂತ್ರ ಕರೆಸುತ್ತಾರೆ.

ಮೊದಲು ಮೆಚ್ಚಬೇಕಾದ್ದನ್ನು ಹೇಳುತ್ತೇನೆ. ಮಳೆ ಅಳೆಯುವುದರಲ್ಲಿ ಕರ್ನಾಟಕ ದೇಶಕ್ಕೇ ಮುಂದಿದೆ. 1988ರಲ್ಲಿ ಬರ ಉಸ್ತುವಾರಿ ಘಟಕವಾಗಿ ಆರಂಭವಾದ ಈಗಿನ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರ ಗ್ರಾಮ ಪಂಚಾಯಿತಿಗೊಂದರಂತೆ ಸ್ವಯಂಚಾಲಿತ ಮಳೆಮಾಪಕ ಇಟ್ಟಿದೆ. ಅವು 15 ನಿಮಿಷಕ್ಕೊಮ್ಮೆ ಅಂಕಿ ಕಳಿಸುತ್ತವೆ. ಅದರ ‘ವರುಣಮಿತ್ರ’ ಸಹಾಯವಾಣಿಗೆ ಕರೆ ಮಾಡಿದರೆ ಹಗಲು ರಾತ್ರಿ ಕನ್ನಡದಲ್ಲೇ ಉತ್ತರ ಸಿಗುತ್ತದೆ. ತಾಲ್ಲೂಕಿಗೊಂದು ಮಾಪಕ ಇಟ್ಟುಕೊಂಡು ಇಡೀ ತಾಲ್ಲೂಕಿಗೆ ಮಳೆಯಾಯಿತು ಎಂದು ಬರೆದುಕೊಳ್ಳುತ್ತಿದ್ದ ಕಾಲವನ್ನು ನೆನೆದರೆ ಇದು ದೊಡ್ಡ ಕೆಲಸ.

ಬಿದ್ದ ಮಳೆಯ ಅಂಕಿ ಇಷ್ಟು ಚೊಕ್ಕವಾಗಿದೆ. ಬೀಳಲಿರುವ ಮಳೆಯ ಮಾತಿಗೆ ಬಂದಾಗ ತೊಡಕು ಶುರುವಾಗುತ್ತದೆ. ಹವಾಮಾನ ಇಲಾಖೆಯ ಪ್ರಕಟಣೆಯಲ್ಲಿ ‘ಒಂದೆರಡು ಕಡೆ’ ಎಂದರೆ ಆ ಪ್ರದೇಶದ ಮಾಪನ ಕೇಂದ್ರಗಳಲ್ಲಿ ಶೇ 25ರವರೆಗೆ ಎಂದು ಅರ್ಥ. ‘ಕೆಲವು ಕಡೆ’ ಶೇ 50ರವರೆಗೆ, ‘ಹಲವು ಕಡೆ’ ಶೇ 75ರವರೆಗೆ, ಅದಕ್ಕೂ ಮೇಲಾದರೆ ‘ಬಹುತೇಕ ಕಡೆ’. ‘ಭಾರಿ ಮಳೆ’ ಎನ್ನಲು 24 ಗಂಟೆಯಲ್ಲಿ 64.5 ಮಿ.ಮೀ. ಆಗಬೇಕು. ಎಷ್ಟು ಕಡೆ, ಎಷ್ಟು ಮಳೆ, ಎಷ್ಟು ಖಾತ್ರಿ ಎಂಬ ಮೂರು ಅಳತೆಗಳನ್ನು ಜಾಗ್ರತೆಯಿಂದ ನೇಯ್ದ ಭಾಷೆ ಇದು. ಅದರ ಮೇಲೆ ನನಗೆ ಗೌರವವಿದೆ. ಆದರೆ ಟಿ.ವಿ. ಪರದೆಗೆ ಬರುವಷ್ಟರಲ್ಲಿ ಮೂರೂ ಕಳಚಿ ‘ಕಲಬುರಗಿಗೆ ಆರೆಂಜ್ ಅಲರ್ಟ್’ ಎಂಬುದಷ್ಟೇ ಉಳಿಯುತ್ತದೆ. ಹಳದಿ ಎಂದರೆ ಗಮನವಿಡಿ, ಕಿತ್ತಳೆ ಎಂದರೆ ಸಿದ್ಧರಾಗಿರಿ, ಕೆಂಪು ಎಂದರೆ ಕ್ರಮಕ್ಕೆ ಇಳಿಯಿರಿ. ಈ ಬಣ್ಣ ಹೇಳುವುದು ನಾವು ಏನು ಮಾಡಬೇಕು ಎಂಬುದನ್ನು. ಅದನ್ನು ಮಳೆಯ ಖಾತ್ರಿಪತ್ರವೆಂದು ಓದಿಸಿದ ತಪ್ಪು ಮಾಧ್ಯಮದ್ದು. ಎಚ್ಚರಿಕೆ ಕೊಟ್ಟ ಮರುದಿನ ಕಮಲಾಪುರದಲ್ಲಿ ಬಿಸಿಲು ಬಿದ್ದರೆ ಜನ ಬೈಯುವುದು ಮಾತ್ರ ಇಲಾಖೆಯನ್ನು.

ಕೆಲವು ವಿಷಯಗಳಲ್ಲಿ ಮುನ್ಸೂಚನೆ ನಿಜಕ್ಕೂ ಬಲವಾಗಿದೆ. 2020ರ ಅಕ್ಟೋಬರ್ 13ರ ಬೆಳಿಗ್ಗೆ ಕಾಕಿನಾಡದ ಬಳಿ ದಡ ಹತ್ತಿದ ಆಳ ವಾಯುಭಾರ ಕುಸಿತ ತೆಲಂಗಾಣ ದಾಟಿ ನಮ್ಮ ಮೇಲೆ ಹಾದು ಮಹಾರಾಷ್ಟ್ರದ ಕಡೆ ಹೋಯಿತು. ಹೈದರಾಬಾದ್ ಮುಳುಗಿತು, ಭೀಮಾ ಉಕ್ಕಿ ಅಫಜಲಪುರ, ಜೇವರ್ಗಿ ಭಾಗದ ಊರುಗಳಿಗೆ ನೀರು ನುಗ್ಗಿತು. ನೂರಾರು ಕಿ.ಮೀ. ಅಗಲದ ಇಂಥ ವ್ಯವಸ್ಥೆಯ ದಾರಿಯನ್ನು ಕಂಪ್ಯೂಟರ್ ಮಾದರಿಗಳು ದಿನಗಳ ಮೊದಲೇ ಹಿಡಿಯಬಲ್ಲವು. ಆಲಿಕಲ್ಲಿನ ಮಾತು ಬೇರೆ. 2014ರ ಫೆಬ್ರುವರಿ ಕೊನೆಯಿಂದ ಮಾರ್ಚ್‌ವರೆಗೆ ಮಹಾರಾಷ್ಟ್ರದಲ್ಲೂ ಉತ್ತರ ಕರ್ನಾಟಕದಲ್ಲೂ ದಿನಗಟ್ಟಲೆ ಆಲಿಕಲ್ಲು ಸುರಿಯಿತು. ಕಾಶ್ಮೀರಕ್ಕೆ ಹಿಮ ತರುವ ಪಶ್ಚಿಮದ ಮೇಲ್ಗಾಳಿ ಆ ವರ್ಷ ದಕ್ಷಿಣಕ್ಕೆ ಬಾಗಿ, ಸಮುದ್ರದಿಂದ ಬಂದ ತೇವದ ಗಾಳಿಯನ್ನು ಡೆಕ್ಕನ್ ಮೇಲೆ ಸಂಧಿಸಿತ್ತು. ಹಾಗಾಗಿ ನಮ್ಮ ಆಲಿಕಲ್ಲಿಗೂ ಹಿಮಾಲಯದ ಹಿಮಕ್ಕೂ ನಂಟಿದೆ. ಅಂಥ ವಾರ ಬರುತ್ತಿದೆ ಎಂದು ಮೊದಲೇ ಹೇಳಬಹುದು. ಯಾವ ಊರ ಹೊಲಕ್ಕೆ ಎಂದು ಹಿಂದಿನ ದಿನ ಯಾರೂ ಹೇಳಲಾರರು, ಏಕೆಂದರೆ ಆಲಿಕಲ್ಲಿನ ಪಟ್ಟಿ ಕೆಲವೇ ಕಿ.ಮೀ. ಅಗಲದ್ದು.

ಹೀಗಿರುವಾಗ 2024ರ ಅಕ್ಟೋಬರ್ 24ರಂದು ಕೇಂದ್ರದ ಪಂಚಾಯತ್ ರಾಜ್ ಸಚಿವಾಲಯ ಮತ್ತು ಹವಾಮಾನ ಇಲಾಖೆ ಸೇರಿ ಗ್ರಾಮ ಪಂಚಾಯಿತಿ ಮಟ್ಟದ ಐದು ದಿನದ ಮುನ್ಸೂಚನೆ ಆರಂಭಿಸಿದವು. ಗಂಟೆ ಗಂಟೆಯ ಮಾಹಿತಿಯೂ ಅದರಲ್ಲಿ ಸಿಗುತ್ತದೆ. 2025ರ ಮೇ 26ರಂದು 6 ಕಿ.ಮೀ. ಚೌಕದ ‘ಭಾರತ್ ಫೋರ್‌ಕಾಸ್ಟ್ ಸಿಸ್ಟಮ್’ ಬಂತು. ಅದಕ್ಕೂ ಮೊದಲು ಚೌಕ 12 ಕಿ.ಮೀ. ಇತ್ತು. ವಿಜ್ಞಾನದ ಮಟ್ಟಿಗೆ ಇದು ಹೆಮ್ಮೆಯ ಹೆಜ್ಜೆ. ಓದುಗನಿಗೆ ಅದನ್ನು ಕೊಟ್ಟ ರೀತಿಗೆ ಮಾತ್ರ ನನ್ನ ತಕರಾರಿದೆ. ಒಂದು ಗುಡುಗು ಮೋಡವನ್ನು ಬಿಡಿಯಾಗಿ ಕಾಣಲು 6 ಕಿ.ಮೀ. ಚೌಕ ಸಾಲದು. ಇಂಥ ಪಂಚಾಯಿತಿಯಲ್ಲಿ ನಾಳಿದ್ದು ಮಧ್ಯಾಹ್ನ ಮೂರಕ್ಕೆ ಇಷ್ಟು ಮಿ.ಮೀ. ಎಂದು ಒಂದೇ ಅಂಕಿ ತೋರಿಸಿದರೆ, ಮಾದರಿಗೆ ಇಲ್ಲದ ಖಾತ್ರಿಯನ್ನು ಪರದೆ ಅದಕ್ಕೆ ತೊಡಿಸುತ್ತದೆ. ಖಾಸಗಿ ಆ್ಯಪ್‌ಗಳು ಇದರಲ್ಲಿ ಇನ್ನೂ ಧಾರಾಳ. ಹತ್ತನೇ ದಿನದ ಮಳೆಯನ್ನೂ ದಶಮಾಂಶದಲ್ಲಿ ಬರೆಯುತ್ತವೆ.

ಕೊನೆಯ ಗಳಿಗೆಯ ಎಚ್ಚರಿಕೆಗೆ ರಾಡಾರ್ ಬೇಕು. ನಮ್ಮ ಕಡೆ ನೋಡುವ ದೊಡ್ಡ ಡಾಪ್ಲರ್ ರಾಡಾರ್ ಹೈದರಾಬಾದಿನಲ್ಲಿದೆ. ಅದು ಕಲಬುರಗಿಯಿಂದ ನೇರ ದಾರಿಯಲ್ಲಿ ಸುಮಾರು 175 ಕಿ.ಮೀ. ದೂರ. ಭೂಮಿ ಬಾಗಿರುವುದರಿಂದ ಅದರ ಅತಿ ತಗ್ಗಿನ ಕಿರಣವೂ ಇಲ್ಲಿಗೆ ಬರುವಾಗ ನೆಲದಿಂದ ಮೂರು ಕಿ.ಮೀ.ಗೂ ಮೇಲೆ ಹಾದುಹೋಗುತ್ತದೆ. ಎತ್ತರದ ಆಲಿಕಲ್ಲಿನ ಮೋಡ ಅದಕ್ಕೆ ಕಾಣಬಹುದು, ನೆಲಕ್ಕೆ ಬಡಿಯುವ ಗಾಳಿ ಕಾಣುವುದಿಲ್ಲ. ಕಮಲಾಪುರದ ಕೆಂಪು ಬಾಳೆ ಭೌಗೋಳಿಕ ಸೂಚ್ಯಂಕ ಪಡೆದ ಬೆಳೆ. ಉಳಿದ ಬಾಳೆಗಿಂತ ಗೊನೆ ಮಾಗಲು ಅದಕ್ಕೆ ಬಹಳ ಹೆಚ್ಚು ಕಾಲ ಬೇಕು, ಗೊಬ್ಬರ, ನೀರಿನ ಖರ್ಚೂ ಹೆಚ್ಚು. ಗೊನೆ ಹೊತ್ತ ಗಿಡವನ್ನು ಕೆಡವಲು ಬಿರುಗಾಳಿಗೆ ಹತ್ತು ನಿಮಿಷ ಸಾಕು. ಈ ಭಾಗಕ್ಕೆ ಹತ್ತಿರದ ರಾಡಾರ್ ಕೇಳುವುದು ಅತಿಯಾಸೆಯಲ್ಲ.

ಚಳಿಯ ಎಚ್ಚರಿಕೆಯೂ ಹೀಗೆಯೇ ಹೊಲದ ಮಟ್ಟ ಮುಟ್ಟುವುದಿಲ್ಲ. ಬಯಲು ಸೀಮೆಯಲ್ಲಿ ಕನಿಷ್ಠ ಉಷ್ಣಾಂಶ 10 ಡಿಗ್ರಿ ಅಥವಾ ಅದಕ್ಕಿಂತ ಕೆಳಗೆ ಬಂದು, ವಾಡಿಕೆಗಿಂತ ಕನಿಷ್ಠ 4.5 ಡಿಗ್ರಿ ಕಡಿಮೆಯಾದರೆ ಶೀತಗಾಳಿ ಎನ್ನುತ್ತಾರೆ. ಈ ಉಷ್ಣಾಂಶ ಅಳೆಯುವುದು ನೆಲದಿಂದ ಸುಮಾರು ಒಂದೂಕಾಲು ಮೀಟರ್ ಎತ್ತರದ ಪೆಟ್ಟಿಗೆಯಲ್ಲಿ, ನೆರಳಿನಲ್ಲಿ. ಮೋಡವಿಲ್ಲದ, ಗಾಳಿಯಿಲ್ಲದ ರಾತ್ರಿ ಎರಿ ಹೊಲದ ಮೈ ಅದಕ್ಕಿಂತ ಹಲವು ಡಿಗ್ರಿ ಹೆಚ್ಚು ತಣ್ಣಗಾಗುತ್ತದೆ. ನಗರದ ಅಂಕಿ ನೋಡಿ ಹೂವಿನ ಭವಿಷ್ಯ ಹೇಳಲಾಗದು. ತೊಗರಿ ಬೆಳೆಗಾರನಿಗೆ ಬೇಕಾದ ಮಾತು ಮಂಜು ಎಷ್ಟು ಹೊತ್ತು ನಿಲ್ಲುತ್ತದೆ, ಎಲೆ ಎಷ್ಟು ಗಂಟೆ ಒದ್ದೆಯಿರುತ್ತದೆ ಎಂಬುದು. ಜಿಲ್ಲಾ ಪ್ರಕಟಣೆಯಲ್ಲಿ ಆ ಮಾತಿಗೆ ಜಾಗವಿಲ್ಲ.

ಇನ್ನು ನಮ್ಮ ಹವ್ಯಾಸಿಗಳು. ಅವರ ಉತ್ಸಾಹ ನನಗೆ ಇಷ್ಟ. ಅಧಿಕೃತ ಮಾತು ತಲುಪದ ಕಡೆಗೂ ಅವರ ಮಾತು ತಲುಪುತ್ತದೆ. ಆದರೆ ಒಂದು ದುರಭ್ಯಾಸ ಬೆಳೆದಿದೆ. ನಾಲ್ಕು ಮಾದರಿಗಳಲ್ಲಿ ಅತಿ ಹೆಚ್ಚು ಮಳೆ ತೋರಿಸುವ ನಕ್ಷೆಯನ್ನೇ ಆರಿಸಿ ಹಂಚುತ್ತಾರೆ. ಯುರೋಪಿನ ಹವಾಮಾನ ಮುನ್ಸೂಚನಾ ಕೇಂದ್ರ ಒಂದೇ ಹೊತ್ತಿಗೆ 50ಕ್ಕೂ ಹೆಚ್ಚು ಸಲ, ಆರಂಭದ ಅಂಕಿಗಳನ್ನು ತುಸು ಬದಲಿಸಿ ಲೆಕ್ಕ ಹಾಕುವುದು ಅವು ಎಷ್ಟು ಚದುರುತ್ತವೆ ಎಂದು ನೋಡಲಿಕ್ಕೆ. ಆ ಚದುರುವಿಕೆಯನ್ನು ಬಿಟ್ಟು ಒಂದನ್ನೇ ಎತ್ತಿ ತೋರಿಸಿದರೆ ಅಷ್ಟೆಲ್ಲ ಲೆಕ್ಕ ಹಾಕಿದ್ದು ವ್ಯರ್ಥ.

ಹೊರಗಿನ ಒಂದು ಪ್ರಸಂಗ ಇಲ್ಲಿ ನೆನೆಯಬೇಕು. 2015ರ ಜನವರಿ ಕೊನೆಯಲ್ಲಿ ನ್ಯೂಯಾರ್ಕ್‌ಗೆ ಎರಡು ಅಡಿ ಹಿಮದ ಎಚ್ಚರಿಕೆ ಬಂದು, ಸುರಂಗ ರೈಲನ್ನೂ ನಿಲ್ಲಿಸಿದರು. ಬಿರುಗಾಳಿ ತುಸು ಪೂರ್ವಕ್ಕೆ ಸರಿಯಿತು. ಸೆಂಟ್ರಲ್ ಪಾರ್ಕ್‌ನಲ್ಲಿ ಬಿದ್ದದ್ದು 9.8 ಅಂಗುಲ. ಅಲ್ಲಿನ ಸರ್ಕಾರಿ ಮುನ್ಸೂಚಕರೊಬ್ಬರು ಬಹಿರಂಗವಾಗಿ ಕ್ಷಮೆ ಕೇಳಿದರು. ಕನಿಷ್ಠ ಇಷ್ಟು, ಗರಿಷ್ಠ ಇಷ್ಟು, ಹೆಚ್ಚು ಸಂಭವ ಇಷ್ಟು ಎಂದು ಹಿಮದ ನಕ್ಷೆಯನ್ನು ಮೂರಾಗಿ ತೋರಿಸುವ ಕ್ರಮವೂ ಅಲ್ಲಿ ಬೆಳೆದಿದೆ. ಸಂಶಯವನ್ನು ಅಂಕಿಯಲ್ಲಿ ಹೇಳಿದರೆ ಜನ ಅರ್ಥಮಾಡಿಕೊಳ್ಳುತ್ತಾರೆ ಎಂಬ ನಂಬಿಕೆ ಅದರ ಹಿಂದಿದೆ. ಸ್ವಾತಿ ಮಳೆ ಕೈಕೊಟ್ಟೀತು ಎಂದುಕೊಂಡೇ ಬಿತ್ತುವ ನಮ್ಮ ರೈತನಿಗೆ ಅದು ಅರ್ಥವಾಗದೆಂದು ತಿಳಿಯಲು ಕಾರಣವೇ ಇಲ್ಲ.

ನನ್ನ ತೀರ್ಮಾನ ಇಷ್ಟು: ಮಾಪನ ಉತ್ತಮ, ದೊಡ್ಡ ವ್ಯವಸ್ಥೆಗಳ ಮುನ್ಸೂಚನೆ ನಂಬಲರ್ಹ, ಊರು, ಗಂಟೆ ಮಟ್ಟದ ಮುನ್ಸೂಚನೆಯನ್ನು ಕೊಡುವ ರೀತಿ ದೋಷಪೂರ್ಣ. ಇದಕ್ಕೆಲ್ಲ ಮೂಲದಲ್ಲಿರುವ ಕೊರತೆ ಒಂದೇ. ದಿನದ ಪ್ರಕಟಣೆಯಲ್ಲಿ ನಿನ್ನೆ ಬಿದ್ದ ಮಳೆಯೂ ಇರುತ್ತದೆ, ನಾಳೆಯ ಮುನ್ಸೂಚನೆಯೂ ಇರುತ್ತದೆ. ನಿನ್ನೆಗೆಂದು ಮೊನ್ನೆ ಏನು ಹೇಳಿದ್ದರು ಎಂಬುದು ಇರುವುದಿಲ್ಲ. ಪಂಚಾಯಿತಿಗೊಂದು ಮಾಪಕ ಇರುವ ರಾಜ್ಯದಲ್ಲಿ ಇದನ್ನು ಸೇರಿಸಲು ಹೊಸ ಯಂತ್ರ ಬೇಡ. ಕೊಟ್ಟ ಎಚ್ಚರಿಕೆ, ಬಿದ್ದ ಮಳೆ, ಹುಸಿಯಾದದ್ದು, ಹೇಳದೆ ಬಂದದ್ದು ಇವನ್ನು ತಿಂಗಳಿಗೊಮ್ಮೆ ತಾಲ್ಲೂಕುವಾರು ಪ್ರಕಟಿಸಲಿ. ಮುಂದಿನ ತೊಗರಿ ಹೂವಿನ ಹೊತ್ತಿಗೆ ಕಮಲಾಪುರದಿಂದಲೇ ಇದು ಆರಂಭವಾಗಲಿ. ನಕ್ಷೆ ಹಂಚುವ ಗೆಳೆಯರು ಅದು ಯಾವ ಮಾದರಿಯದು, ಯಾವ ದಿನದ್ದು ಎಂದು ಬರೆಯಲಿ, ಕಡಿಮೆ ಮಳೆ ತೋರಿಸುವ ನಕ್ಷೆಯನ್ನೂ ಜೊತೆಗಿಡಲಿ.