ಮೇಡನ್, ಕನ್ನೆ, ಚೊಚ್ಚಲ

ಶಾಸನಸಭೆಯ ಸದಸ್ಯನ ಮೊದಲ ಭಾಷಣಕ್ಕೂ ಹಡಗಿನ ಮೊದಲ ಯಾನಕ್ಕೂ ಇಂಗ್ಲಿಷಿನಲ್ಲಿ ‘ಮೇಡನ್’ ಎಂಬ ವಿಶೇಷಣವುಂಟು. ಇದನ್ನು ‘ಕನ್ಯಾಭಾಷಣ’ವೆಂದು ಪರಿವರ್ತಿಸುವುದು ಸಾಧುವಲ್ಲ. ಕನ್ಯಾಶಬ್ದವು ನಾಮಪದವಾದುದರಿಂದ ಕೇಳಿದವನು ಷಷ್ಠೀತತ್ಪುರುಷವನ್ನೇ ಗ್ರಹಿಸಿ, ಕನ್ಯೆಯೊಬ್ಬಳು ಮಾಡಿದ ಭಾಷಣವೆಂದು ತಿಳಿಯುವನು.

ಹಾಗೆಂದು ಈ ಭಾವನೆಯೇ ಕನ್ನಡಕ್ಕೆ ಪರಕೀಯವೆನ್ನುವವರು ಶಾಸನಗಳನ್ನು ನೋಡಿದವರಲ್ಲ. ಹೊಸದಾಗಿ ಕಟ್ಟಿಸಿದ ಕೆರೆಗೆ ‘ಕನ್ನೆಗೆರೆ’, ಬಸದಿಗೆ ‘ಕನ್ನೆವಸದಿ’ ಎಂಬ ಪ್ರಯೋಗಗಳು ಅಲ್ಲಿವೆ. ಇಲ್ಲಿ ಕನ್ನೆಗೂ ಕೆರೆಗೂ ಒಡೆತನದ ಸಂಬಂಧವಿಲ್ಲ. ಕನ್ನೆಯೆಂಬುದು ಕೆರೆಗೇ ವಿಶೇಷಣ, ಸಮಾಸವು ಕರ್ಮಧಾರಯ. ಚನ್ನಗಿರಿ ಸೀಮೆಯ ಸೂಳೆಕೆರೆಯನ್ನು ಪಕ್ಕದಲ್ಲಿಟ್ಟರೆ ಭೇದವು ಸ್ಫುಟವಾಗುವುದು. ಶಾಂತವ್ವೆಯು ಕೆರೆ ಕಟ್ಟಿಸಲು ಸೂಳೆಯರಿಂದ ನೆಲವನ್ನು ಬೇಡಿದಳೆಂದೂ, ಕೆರೆಗೆ ತಮ್ಮ ಹೆಸರೇ ನಿಲ್ಲಬೇಕೆಂದು ಅವರು ಕಟ್ಟು ಮಾಡಿದರೆಂದೂ ಐತಿಹ್ಯ. ಶಾಂತಿಸಾಗರವೆಂಬ ಹೆಸರು ಬಂದ ಮೇಲೂ ಜನರು ಆ ಕಟ್ಟನ್ನು ಮೀರಿಲ್ಲ. ಅಲ್ಲಿ ಷಷ್ಠಿಯೇ ಸರಿ. ಆದಕಾರಣ ಒಂದೇ ಕೆರೆಯು ಕಟ್ಟಿದಂದು ಕನ್ನೆಗೆರೆಯೂ ಹೆಸರಿನಿಂದ ಸೂಳೆಕೆರೆಯೂ ಆಗುವುದಕ್ಕೆ ವ್ಯಾಕರಣದ ಅಡ್ಡಿಯಿಲ್ಲ!

ಪತ್ರಿಕೆಗಳು ಹಿಡಿದಿರುವ ‘ಚೊಚ್ಚಲ’ವು ಬಾಣಂತಿಯ ಕೋಣೆಯಿಂದ ಬಂದ ಮಾತು. ಇಂಗ್ಲಿಷು ಕನ್ಯೆಯನ್ನು ನೋಡಿದೆಡೆ ಕನ್ನಡವು ತಾಯಿಯನ್ನು ಕಂಡಿತು. ಕವಿಯ ಮೊದಲ ಕೃತಿಗೆ ಇದು ಚೆನ್ನಾಗಿ ಒಪ್ಪುವುದು. 1912ರ ಟೈಟಾನಿಕ್ ಹಡಗಿನ ಯಾನಕ್ಕೆ ಒಪ್ಪದು. ಚೊಚ್ಚಲವೆಂದರೆ ಮುಂದಿನದರ ನಿರೀಕ್ಷೆಯುಂಟು, ಆ ಯಾನವಾದರೋ ಮೊದಲನೆಯದೂ ಕಡೆಯದೂ ಆಯಿತು. ಅಲ್ಲಿ ‘ಮೊದಲ ಯಾನ’ವೇ ಸಾಕು. ಕ್ರಿಕೆಟ್ಟಿನ ‘ಮೇಡನ್ ಓವರ್’ ಅಂತೂ ಮೊದಲನೆಯದೆಂಬ ಅರ್ಥದ್ದೇ ಅಲ್ಲ, ಓಟ ಕೊಡದ ಓವರು. ಅದನ್ನೂ ಚೊಚ್ಚಲವೆಂದು ಬರೆದರೆ ಅರ್ಥವೇ ಕೆಡುವುದು.