ಹೆಣದ ಖರ್ಚು ಯಾರ ಲೆಕ್ಕಕ್ಕೆ?

'ಸಂಸ್ಕಾರ' ಕಾದಂಬರಿ ಅಚ್ಚಾದದ್ದು 1965ರಲ್ಲಿ, ನಮ್ಮ ಧಾರವಾಡದ ಮನೋಹರ ಗ್ರಂಥಮಾಲೆಯಿಂದ. ಅದರ ಮೇಲೆ ಬಂದ ವಿಮರ್ಶೆಯನ್ನೆಲ್ಲ ಒಟ್ಟಿದರೆ ಒಂದು ಚಿತೆಗೆ ಸಾಲುವಷ್ಟು ಕಾಗದ ಆದೀತು. ಪ್ರಾಣೇಶಾಚಾರ್ಯರ ತಲ್ಲಣ, ಅಸ್ತಿತ್ವದ ಪ್ರಶ್ನೆ, ಬ್ರಾಹ್ಮಣ್ಯದ ಕುಸಿತ ಎಂದು ನವ್ಯ ವಿಮರ್ಶಕರು ಬರೆದರು. ಕಾಲೇಜಿನಲ್ಲಿ ನಾವೂ ಅದನ್ನೇ ಬರೆದು ಪಾಸಾದೆವು. ಹುಬ್ಬಳ್ಳಿಯ ಕೇರಿಯಿಂದ ಹೋದ ನಮಗೆ ಒಂದು ಸಣ್ಣ ಪ್ರಶ್ನೆ ಕೇಳುವ ಧೈರ್ಯ ಆಗ ಬರಲಿಲ್ಲ. ಈಗ ಕೇಳುತ್ತೇವೆ: ಆ ಹೆಣದ ಖರ್ಚು ಕೊಟ್ಟವರು ಯಾರು?

ಅನಂತಮೂರ್ತಿಯವರು ರೊಕ್ಕದ ಮಾತು ಮರೆತಿಲ್ಲ. ಅದು ಕಾದಂಬರಿಯ ಗಟ್ಟಿತನ. ನಾರಣಪ್ಪನ ಸಂಸ್ಕಾರಕ್ಕೆ ಅಗ್ರಹಾರದಲ್ಲಿ ಒಬ್ಬರೂ ಮುಂದೆ ಬರುವುದಿಲ್ಲ. ಚಂದ್ರಿ ಮೈಮೇಲಿನ ಬಂಗಾರ ಬಿಚ್ಚಿ ಇಟ್ಟದ್ದೇ ತಡ, ಒಲ್ಲೆ ಎಂದವನೇ ಹಕ್ಕು ಹೇಳತೊಡಗುತ್ತಾನೆ. ಕೊನೆಗೆ ಶಾಸ್ತ್ರವೂ ಇಲ್ಲ, ಬಂಗಾರವೂ ಇಲ್ಲ. ನಾರಣಪ್ಪನ ಋಣದಲ್ಲಿದ್ದ ಅಹಮದ್ ಬ್ಯಾರಿ ಗಾಡಿ ಕಟ್ಟಿಕೊಂಡು ಬಂದು ರಾತ್ರಿಯಲ್ಲಿ ಸುಟ್ಟು ಹೋಗುತ್ತಾನೆ.

ಸರಿ. ಆದರೆ ಅದೇ ಕಾದಂಬರಿಯಲ್ಲಿ ಕೇರಿಯವರೂ ಸಾಯುತ್ತಾರೆ. ಹೆಣದ ಸಮೇತ ಗುಡಿಸಲಿಗೆ ಬೆಂಕಿ ಬೀಳುತ್ತದೆ. ಬೆಳ್ಳಿಯ ಮೈಯನ್ನು ಆಸೆಯಿಂದ ನೋಡಲು ಕಾದಂಬರಿಗೆ ಪುಟಗಳಿವೆ, ಅವಳ ಕೇರಿಯ ಹೆಣಕ್ಕೆ ಕೆಲವೇ ಸಾಲು. ಆ ಸತ್ತವರಿಗೆ ಏನು ಪದ್ಧತಿ, ಯಾರು ಅತ್ತರು, ಯಾರು ಮಣ್ಣಿಗೆ ಹೋದರು? ಲೇಖಕರು ಅಗ್ರಹಾರದ ಜಗಲಿಯ ಮೇಲೆ ನಿಂತು ಬೆಂಕಿ ನೋಡಿದರು. ವಿಮರ್ಶಕರು ಅದನ್ನೂ ನೋಡಲಿಲ್ಲ.

ಐವತ್ತು ವರ್ಷದ ಮೇಲೆ, 2015ರಲ್ಲಿ, ರಾಮ್ ರೆಡ್ಡಿಯವರ 'ತಿಥಿ' ಸಿನಿಮಾ ಬಂತು. ಮಂಡ್ಯ ಸೀಮೆಯಲ್ಲಿ 101 ವರ್ಷದ ಸೆಂಚುರಿ ಗೌಡ ಸಾಯುತ್ತಾನೆ. ಹನ್ನೊಂದನೇ ದಿನದ ಊಟದೊಳಗೆ ಮೊಮ್ಮಗ ತಮ್ಮಣ್ಣ ಜಮೀನು ಮಾರಲು ಓಡಾಡುತ್ತಾನೆ, ಸಾಲ ಎತ್ತುತ್ತಾನೆ. ಸಾವಿನ ಹಿಂದಿನ ಸಾಲವನ್ನು ಸಿನಿಮಾ ನೇರ ತೋರಿಸಿತು. ಜನ ನಕ್ಕರು, ನಾವೂ ನಕ್ಕೆವು. ಮನೆಗೆ ಬಂದ ಮೇಲೆ ಹೊಳೆಯಿತು: ತಮ್ಮಣ್ಣನಿಗೆ ಮಾರಲು ಜಮೀನಾದರೂ ಇತ್ತು. ನೆಲವೇ ಇಲ್ಲದವನು ಏನು ಅಡವಿಡಬೇಕು? ಬರುವ ವರ್ಷದ ಕೂಲಿಯನ್ನು.

ನಮ್ಮ ಮುತ್ಯಾ ಸತ್ತಾಗ ಲೆಕ್ಕದ ನೋಟಬುಕ್ಕು ನಮ್ಮ ಕೈಗೇ ಬಂತು. 'ತಮ್ಮಾ, ಸಾಲಿ ಕಲ್ತಾಂವ ನೀನ, ಬರಕೋ' ಅಂದಳು ಅವ್ವ. ಬಿಳಿ ಬಟ್ಟಿ, ಹೂವು, ಊದಿನಕಡ್ಡಿ, ಚುರುಮುರಿ, ಗಾಡಿ ಬಾಡಿಗಿ, ಬಂದವರ ಚಾ. ಕುಣಿ ತೋಡಿದ ಓಣಿಯ ಹುಡುಗರು ರೊಕ್ಕ ಮುಟ್ಟಲಿಲ್ಲ. ಉಳಿದದ್ದು ತಿಂಗಳಿಗೆ ನೂರಕ್ಕೆ ಐದರ ಬಡ್ಡಿ ಸಾಲ. ದಿನದ ಊಟ ಸಣ್ಣದಾಗಿ ಮಾಡೂನು ಅಂದದ್ದಕ್ಕೆ ಕಾಕಾ ಸಿಟ್ಟಿಗೆದ್ದ: 'ಇದ್ದಾಗ ಯಾರೂ ಅವಗ ಮರ್ಯಾದಿ ಕೊಡಲಿಲ್ಲ, ಹೋಗೂ ಮುಂದರ ಕೊಡಬ್ಯಾಡೇನು?' ನಮ್ಮ ಬಿ.ಎ. ಬಳಿ ಉತ್ತರ ಇರಲಿಲ್ಲ.

ಮುತ್ಯಾ ಹಳ್ಳಿಯಲ್ಲಿದ್ದಾಗ ಊರವರ ಸಾವಿನ ಸುದ್ದಿ ಹೊತ್ತು ಹತ್ತೂರು ನಡೆದವನು. ಅವರ ಕುಣಿ ತೋಡಿದವನು, ಹೆಣದ ಮುಂದೆ ಹಲಗಿ ಬಾರಿಸಿದವನು. ಕೂಲಿ ಎಂದರೆ ಸುಗ್ಗಿಯಲ್ಲಿ ಒಂದಿಷ್ಟು ಕಾಳು. ಊರಿನ ಎಷ್ಟು ಹೆಣದ ಖರ್ಚನ್ನು ಅವನ ಬೆನ್ನು ಕೊಟ್ಟಿತೋ, ಯಾವ ಖಾತೆಯಲ್ಲೂ ಜಮಾ ಇಲ್ಲ. ಅವನ ಸರದಿ ಬಂದಾಗ ಊರು ಬರಲಿಲ್ಲ.

ಬಡವರ ಅಂತ್ಯಸಂಸ್ಕಾರಕ್ಕೆಂದು ಸರಕಾರ ಮೊದಲು ಒಂದು ಸಾವಿರ, ಆಮೇಲೆ 5,000 ರೂಪಾಯಿ ಗೊತ್ತು ಮಾಡಿತು. ಅರ್ಜಿ ಹಾಕುವುದು ಸತ್ತ ಮೇಲೆ, ಸಾಲ ಬೇಕಾಗುವುದು ಹೆಣ ಏಳುವ ಮೊದಲು. ಹಳ್ಳಿಗಳಲ್ಲಿ ಸುಡುಗಾಡಿಗೆ ಜಾಗ ಕೊಡಿ ಎಂದು 2019ರಲ್ಲೂ ಹೈಕೋರ್ಟು ಹೇಳಬೇಕಾಯಿತು. ಸಾವಿನ ಮುಂದೆ ಎಲ್ಲರೂ ಸಮಾನರು ಎಂಬ ಮಾತನ್ನು ಕವಿಗಳು ಇನ್ನಾದರೂ ಬಿಡಬೇಕು.

ನಮ್ಮ ತಪ್ಪೂ ಇಲ್ಲೇ ಹೇಳಿಬಿಡುತ್ತೇವೆ. ಆ ವಾರ ಮುತ್ಯಾನ ಮೇಲೆ ಒಂದು ಪದ್ಯ ಬರೆದೆವು. ಆಕಾಶ ಅವನಿಗೆ ಹೊದಿಕೆಯಾಯಿತು ಎಂದೇನೋ ಬರೆದೆವು. ಹೊದಿಸಿದ ಬಟ್ಟೆ ಅಂಗಡಿಯಿಂದ ಉದ್ರಿ ತಂದದ್ದು. ಅದು ಪದ್ಯದಲ್ಲಿ ಬರಲಿಲ್ಲ. ನವ್ಯರನ್ನು ಬೈಯುವ ನಾವು ಅವರ ಕಸುಬನ್ನೇ ಮಾಡಿದ್ದೆವು.

ಗೆಳೆಯರೆ, ಹಳ್ಳಿಯ ಮಾಸ್ತರರೆ, 'ಸಂಸ್ಕಾರ'ವನ್ನು ಓದಬೇಡಿ ಎನ್ನುವುದಿಲ್ಲ. ಚಂದ್ರಿಯ ಬಂಗಾರದ ಜೊತೆ ಆ ಸುಟ್ಟ ಗುಡಿಸಲನ್ನೂ ಪಾಠ ಮಾಡಿ. ನಿಮ್ಮ ಮನೆಯ ಸಾವಿಗೆ ಎಷ್ಟಾಯಿತು, ಯಾರಿಂದ ತಂದಿರಿ ಎಂದು ಹುಡುಗರಿಂದ ಬರೆಸಿ. ಓಣಿಯವರು ತಿಂಗಳಿಗಿಷ್ಟು ಕೂಡಿಸಿಟ್ಟರೆ ಬಡ್ಡಿಯವನ ಬಾಗಿಲಿಗೆ ಹೋಗುವುದು ತಪ್ಪೀತು. ಕಾಕಾನ ಪ್ರಶ್ನೆಗೆ ಮಾತ್ರ ಅದು ಉತ್ತರವಲ್ಲ. ಇದ್ದಾಗಲೇ ಮರ್ಯಾದಿ ಸಿಗುವ ಬದುಕಿಗೆ ಚಳವಳಿ ಬೇಕು. ಅಲ್ಲಿತನಕ ನೋಟಬುಕ್ಕು ಮುಚ್ಚುವಂತಿಲ್ಲ. ನಮ್ಮದರಲ್ಲಿ ಮುತ್ಯಾನ ಬಾಕಿ ಇನ್ನೂ ತೀರಿಲ್ಲ.